ಒಣಗಿದ್ದು ಎಲೆ, ಗೆಡ್ಡೆಯಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪರೀಕ್ಷೆಗಳು ಮುಗಿದು ಮಕ್ಕಳು ಮನೆಯಲ್ಲಿ ಉಳಿಯುವ ಏಪ್ರಿಲ್ ತಿಂಗಳಲ್ಲಿ ಇಲ್ಲಿನ ಹಿತ್ತಿಲುಗಳನ್ನು ನೋಡಿದರೆ ಬೇವು, ಹೊಂಗೆಗಳಲ್ಲಿ ಮಾತ್ರ ಹಸಿರು ಕಾಣುತ್ತದೆ. ಕುಂಡದಲ್ಲಿದ್ದ ಅರಿಶಿನದ ಗಿಡ ಸಂಕ್ರಾಂತಿ ಕಳೆಯುತ್ತಲೇ ಹಳದಿಯಾಗಿ ನೆಲಕ್ಕೆ ಬಿದ್ದಿರುತ್ತದೆ. ಶುಂಠಿ ಅದಕ್ಕೂ ಮೊದಲೇ ಮಾಯ. ಬಾವಿಕಟ್ಟೆಯ ಬಳಿಯ ಕಾಬಾಳೆಯ ಅಗಲವಾದ ಎಲೆಗಳು ಸುಟ್ಟ ಕಾಗದದಂತೆ ಸುರುಟಿಕೊಂಡಿರುತ್ತವೆ. ಮನೆಯವರಿಗೆ ಆಗ ತೋಚುವುದು ಎರಡೇ ದಾರಿ. ಒಂದು, ಕುಂಡದ ಮಣ್ಣನ್ನು ತಿಪ್ಪೆಗೆ ಸುರಿದು ಖಾಲಿ ಮಾಡುವುದು. ಇನ್ನೊಂದು, ಗಿಡ ಬದುಕಲಿ ಎಂದು ದಿನವೂ ಚೊಂಬು ಚೊಂಬು ನೀರು ಹುಯ್ಯುವುದು.

ಈ ಎರಡರಲ್ಲಿ ಯಾವುದನ್ನು ಮಾಡಿದರೂ ನಷ್ಟವೇ. ಒಣಗಿರುವುದು ಎಲೆ, ಮಣ್ಣಿನೊಳಗಿನ ಗೆಡ್ಡೆ ಸತ್ತಿಲ್ಲ. ಅದು ವಿಶ್ರಾಂತಿಯಲ್ಲಿದೆ. ಅದನ್ನು ಎಸೆದರೆ ಮುಂದಿನ ವರ್ಷದ ಗಿಡವನ್ನೇ ಎಸೆದಂತೆ. ನೀರು ಹುಯ್ದರೆ ನೀರೂ ದಂಡ, ಗೆಡ್ಡೆಯೂ ಕೊಳೆಯಬಹುದು. ಕೊಳವೆಬಾವಿ ಎಷ್ಟು ಆಳಕ್ಕೆ ಇಳಿದರೂ ನೀರಿನ ಭರವಸೆಯಿಲ್ಲದ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಬೇರಲ್ಲ, ಕಾಂಡ

ಮಣ್ಣಿನೊಳಗೆ ಸಿಕ್ಕಿದ್ದೆಲ್ಲವನ್ನೂ ನಾವು ಬೇರು ಅಥವಾ ಗೆಡ್ಡೆ ಎಂದುಬಿಡುತ್ತೇವೆ. ಸಸ್ಯಶಾಸ್ತ್ರ ಇಲ್ಲಿ ಸ್ವಲ್ಪ ಕಟ್ಟುನಿಟ್ಟು. ಒಂದು ಹಸಿ ಶುಂಠಿಯನ್ನು ಕೈಯಲ್ಲಿ ಹಿಡಿದು ನೋಡಿ. ಅದರ ಮೈಮೇಲೆ ಉಂಗುರದಂಥ ಗೆರೆಗಳಿವೆ. ಅವು ಗೆಣ್ಣುಗಳು, ಕಬ್ಬಿನ ಜಲ್ಲೆಯಲ್ಲಿ, ಬಿದಿರಿನಲ್ಲಿ ಕಾಣುವಂಥವೇ. ಗೆಣ್ಣಿನ ಬಳಿ ತೆಳುವಾದ ಹುರುಪೆ ಇದೆ. ಅದು ಕುಗ್ಗಿಹೋದ ಎಲೆ. ಹುರುಪೆಯ ಸಂದಿಯಲ್ಲಿ ಸಣ್ಣ ಉಬ್ಬು ಇದೆ. ಅದು ಮೊಗ್ಗು, ರೈತರ ಮಾತಿನಲ್ಲಿ 'ಕಣ್ಣು'. ಗೆಣ್ಣು, ಎಲೆ, ಮೊಗ್ಗು ಮೂರೂ ಇದ್ದರೆ ಅದು ಕಾಂಡವೇ ಹೊರತು ಬೇರಲ್ಲ. ನೆಲದಡಿಯಲ್ಲಿ ಅಡ್ಡಡ್ಡಲಾಗಿ ಬೆಳೆಯುವ ಇಂಥ ಕಾಂಡಕ್ಕೆ ಗುಪ್ತಕಾಂಡ ಎಂದು ಹೆಸರು. ಇಂಗ್ಲಿಷಿನಲ್ಲಿ ರೈಜೋಮ್.

ಶುಂಠಿ, ಅರಿಶಿನ, ಮಾವಿನ ಶುಂಠಿ, ಕಾಬಾಳೆ, ಬಜೆ ಇವೆಲ್ಲ ಗುಪ್ತಕಾಂಡಗಳು. ಈರುಳ್ಳಿ ಹಾಗಲ್ಲ, ಅದರಲ್ಲಿ ಆಹಾರ ಕೂಡಿಡುವುದು ದಪ್ಪನಾದ ಎಲೆಬುಡಗಳು. ಬೇಸಿಗೆಯ ಮೊದಲ ಮಳೆಗೆ ಕೆಂಪು ಚೆಂಡಿನಂತೆ ಅರಳುವ ಮೇ ಫ್ಲವರ್ ಕೂಡ ಈರುಳ್ಳಿಯ ಜಾತಿಯ ಗೆಡ್ಡೆಯೇ. ಗೆಣಸು, ಕ್ಯಾರೆಟ್, ಉಪ್ಪಿನಕಾಯಿಗೆ ಬಳಸುವ ಮಾಕಳಿ ಬೇರು ಇವು ನಿಜವಾದ ಬೇರುಗಳು.

ಈ ಭೇದ ಪರೀಕ್ಷೆಯ ಎರಡು ಅಂಕಕ್ಕಷ್ಟೇ ಸೀಮಿತವಲ್ಲ. ಗುಪ್ತಕಾಂಡವನ್ನು ಮುರಿದರೆ ಕಣ್ಣಿರುವ ಪ್ರತಿ ತುಂಡೂ ಹೊಸ ಗಿಡವಾಗಬಲ್ಲದು. ದಕ್ಷಿಣ ಭಾರತದ ಒಣ ಗುಡ್ಡಗಳ ಬಳ್ಳಿಯಾದ ಮಾಕಳಿಯ ಬುಡವನ್ನು ಪೂರ್ತಿ ಅಗೆದರೆ ಬಳ್ಳಿಯ ಕತೆ ಮುಗಿದಂತೆಯೇ. ಕಾಡಿನಲ್ಲಿ ಅದು ಅಪರೂಪವಾಗುತ್ತಿರುವುದಕ್ಕೆ ಹೀಗೆ ಬುಡಸಮೇತ ಕೀಳುವುದೇ ದೊಡ್ಡ ಕಾರಣ.

ಎಲೆ ಬಿಡುವ ಲೆಕ್ಕಾಚಾರ

ಕರ್ನಾಟಕವನ್ನು ಕೃಷಿ ಹವಾಮಾನದ ದೃಷ್ಟಿಯಿಂದ 10 ವಲಯಗಳಾಗಿ ವಿಂಗಡಿಸಿದ್ದಾರೆ. ಈ ನಾಲ್ಕೂ ತಾಲ್ಲೂಕುಗಳು ಸೇರುವುದು ಮಧ್ಯ ಒಣ ವಲಯಕ್ಕೆ. ಇಲ್ಲಿ ಬೀಳುವ ಅಲ್ಪ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಆಕಾಶ ಬಹುತೇಕ ಬರಿದು. ಬಿಸಿಲಿಗಂತೂ ಬರವಿಲ್ಲ, ಪಾವಗಡದ ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ತಲೆಯೆತ್ತಿದ್ದು ಆ ಬಿಸಿಲನ್ನೇ ನಂಬಿ.

ಇಂಥ ಕಾಲದಲ್ಲಿ ಎಲೆ ಎಂಬುದು ಗಿಡಕ್ಕೆ ಖರ್ಚಿನ ಬಾಬತ್ತು. ಎಲೆಯ ಸೂಕ್ಷ್ಮ ರಂಧ್ರಗಳಿಂದ ಹಗಲೆಲ್ಲ ನೀರು ಆವಿಯಾಗುತ್ತದೆ. ಆದ್ದರಿಂದ ಅರಿಶಿನದಂಥ ಗಿಡಗಳು ಮಳೆಗಾಲದಲ್ಲಿ ಎಲೆಯಲ್ಲಿ ತಯಾರಿಸಿದ ಆಹಾರವನ್ನು ಪಿಷ್ಟದ ರೂಪದಲ್ಲಿ ಗುಪ್ತಕಾಂಡಕ್ಕೆ ಇಳಿಸಿ, ಆಮೇಲೆ ಎಲೆಯನ್ನೇ ಬಿಟ್ಟುಬಿಡುತ್ತವೆ. ಉಳಿದ ಗೆಡ್ಡೆಯ ಸುತ್ತ ಬಿರಡೆಯಂಥ ಸಿಪ್ಪೆ ಇರುವುದರಿಂದ ನೀರು ಸುಲಭವಾಗಿ ಹೊರಹೋಗದು. ಗೆಡ್ಡೆ ಉಸಿರಾಡುತ್ತಲೇ ಇರುತ್ತದೆ. ಆದರೆ ಬಹಳ ನಿಧಾನವಾಗಿ. ಕೂಡಿಟ್ಟ ಪಿಷ್ಟದಲ್ಲಿ ದಿನಕ್ಕಿಷ್ಟು ಎಂದು ಕರಗಿಸಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ.

ಕಾಬಾಳೆಯ ದಾರಿ ಕೊಂಚ ಬೇರೆ. ನೀರು ಸಿಕ್ಕರೆ ಅದು ವರ್ಷವಿಡೀ ಹಸಿರಾಗಿರುತ್ತದೆ. ಸಿಗದಿದ್ದರೆ ಮೇಲಿನದನ್ನು ಬಿಟ್ಟುಕೊಟ್ಟು ಕೆಳಗಿನದನ್ನು ಉಳಿಸಿಕೊಳ್ಳುತ್ತದೆ. ನೆಲಸಂಪಿಗೆ ಇನ್ನೂ ಸ್ವಾರಸ್ಯದ್ದು. ಬೇಸಿಗೆಯಲ್ಲಿ ಒಂದು ಎಲೆಯೂ ಇಲ್ಲದಿರುವಾಗ ಬರಿ ನೆಲದಿಂದ ಅದರ ಹೂ ಮೇಲೇಳುತ್ತದೆ. ಮಣ್ಣಿನೊಳಗೆ ಜೀವವಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬೀಜವಿಲ್ಲದೆಯೇ ಸಾವಿರಾರು ವರ್ಷ ಬಾಳಿರುವ ಬೆಳೆಯೂ ಇದೆ. ನಾವು ಬೆಳೆಯುವ ಅರಿಶಿನದ ಜೀವಕೋಶಗಳಲ್ಲಿ ವರ್ಣತಂತುಗಳು ಎರಡು ಪಟ್ಟಿನ ಬದಲು ಮೂರು ಪಟ್ಟು ಇರುವುದರಿಂದ ಅದು ಸಾಮಾನ್ಯವಾಗಿ ಬೀಜ ಕಟ್ಟದು. ಇಂದು ಮನೆಯಲ್ಲಿರುವ ಅರಿಶಿನದ ಕೊಂಬು ಒಬ್ಬರ ಕೈಯಿಂದ ಒಬ್ಬರ ಕೈಗೆ, ತುಂಡಿನಿಂದ ತುಂಡಾಗಿ ನಡೆದುಬಂದದ್ದು.

ಎರಡು ಐರಿಸ್‌ಗಳು

ಗುಪ್ತಕಾಂಡದ ಗಟ್ಟಿತನಕ್ಕೆ ಜಗತ್ತಿನ ತೋಟಗಾರರು ಮೊದಲು ಹೆಸರಿಸುವುದು ಐರಿಸ್ ಗಿಡವನ್ನು. ಉತ್ತರಾರ್ಧ ಗೋಳದ ತಂಪು ಸೀಮೆಗಳಲ್ಲಿ ಇದರ ಸುಮಾರು 300 ಪ್ರಭೇದಗಳಿವೆ. ಭಾರತದಲ್ಲಿ ಕಾಶ್ಮೀರದ ಹಳೆಯ ಕಬರಸ್ಥಾನಗಳಲ್ಲಿ ಯಾರ ಆರೈಕೆಯೂ ಇಲ್ಲದೆ ವರ್ಷ ವರ್ಷವೂ ಹೂ ಬಿಡುವ ಐರಿಸ್‌ಗಳನ್ನು ಕಾಣಬಹುದು. ತೋಟಗಳಲ್ಲಿ ಹೆಚ್ಚಾಗಿ ಬೆಳೆಸುವ ಜರ್ಮಾನಿಕ ಎಂಬ ಪ್ರಭೇದದ ಗುಪ್ತಕಾಂಡವನ್ನು ಪೂರ್ತಿ ಹೂಳುವುದಿಲ್ಲ. ಬೆನ್ನು ಬಿಸಿಲಿಗೆ ಕಾಣುವಂತೆ ಮಣ್ಣಿನ ಮೇಲ್ಮೈಯಲ್ಲೇ ನೆಡುತ್ತಾರೆ. ಕಿತ್ತು ವಾರಗಟ್ಟಲೆ ನೆರಳಿನಲ್ಲಿ ಬಿಟ್ಟರೂ ಅದು ಮತ್ತೆ ಚಿಗುರುತ್ತದೆ. ಅದೇ ಗೆಡ್ಡೆಯನ್ನು ನೀರು ನಿಲ್ಲುವ ಜಾಗದಲ್ಲಿ ಆಳವಾಗಿ ಹೂತರೆ ಮೆತ್ತಗಾಗಿ, ದುರ್ವಾಸನೆ ಬಂದು ಕೊಳೆಯುತ್ತದೆ.

ಇದರ ದಾಯಾದಿ ಇನ್ನೊಂದಿದೆ: ಯುರೋಪಿನ ಹೊಳೆ ಕೊಳಗಳ ಅಂಚಿನ ಹಳದಿ ಐರಿಸ್. ವಿಜ್ಞಾನಿಗಳು ಇವೆರಡರ ಗುಪ್ತಕಾಂಡಗಳನ್ನೂ ಆಮ್ಲಜನಕವೇ ಇಲ್ಲದ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿದ್ದಾರೆ. ತೋಟದ ಐರಿಸ್ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ತಡೆದೀತು. ಕೆಸರಿನ ಹಳದಿ ಐರಿಸ್ ತಿಂಗಳುಗಟ್ಟಲೆ ಬದುಕಿ, ಹೊರತೆಗೆದ ಮೇಲೆ ಚಿಗುರಿತು.

ಒಂದೇ ಕುಲದ ಎರಡು ಗಿಡಗಳು. ಒಂದು ಒಣಗುವುದಕ್ಕೆ ಗಟ್ಟಿ, ಇನ್ನೊಂದು ಮುಳುಗುವುದಕ್ಕೆ ಗಟ್ಟಿ. ಇಲ್ಲಿ ಗಮನಿಸಬೇಕಾದ ಮಾತು ಇಷ್ಟೆ: ಎಲ್ಲ ಕಷ್ಟಕ್ಕೂ ಗಟ್ಟಿಯಾದ ಗಿಡ ಎಂಬುದಿಲ್ಲ. ತನ್ನ ಹುಟ್ಟುನೆಲದಲ್ಲಿ ತಲೆತಲಾಂತರದಿಂದ ಎದುರಿಸಿದ ಕಷ್ಟಕ್ಕೆ ಮಾತ್ರ ಆ ಗಿಡ ಸಿದ್ಧವಾಗಿರುತ್ತದೆ. ಯಾವ ಗಿಡ ಯಾವುದಕ್ಕೆ ಗಟ್ಟಿ ಎಂದು ತಿಳಿಯುವುದೇ ತೋಟಗಾರಿಕೆಯ ಮೊದಲ ಪಾಠ.

ಚಳಿಗಾಲದ ಕೊರೆತ ಬೇಕೆನ್ನುವ ಜರ್ಮಾನಿಕ ಐರಿಸ್ ಮಧುಗಿರಿಯ ಬಯಲಿನಲ್ಲಿ ಹೂ ಬಿಡುವುದು ಕಷ್ಟ. ಆಸಕ್ತಿಯಿದ್ದವರು ಕಿತ್ತಳೆ ದಳಗಳ ಮೇಲೆ ಕೆಂಪು ಚುಕ್ಕೆಯಿರುವ ಬ್ಲ್ಯಾಕ್‌ಬೆರಿ ಲಿಲಿಯನ್ನು ಬೆಳೆಸಬಹುದು. ಬೆಲಂಕಂಡ ಎಂಬ ಹೆಸರಿದ್ದ ಈ ಗಿಡವನ್ನು ಸಸ್ಯಶಾಸ್ತ್ರಜ್ಞರು 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಿದರು. ಇದು ಸೆಕೆಯನ್ನು ಸಹಿಸುತ್ತದೆ. ಹೂದೋಟದ ಹವ್ಯಾಸ ಈ ಸೀಮೆಗೆ ಹೊಸದೇನಲ್ಲ. ಶಿರಾದ ಖಾನ್ ಬಾಗ್ ತೋಟವನ್ನು ಕಂಡೇ ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗ್ ಮಾಡುವ ಮನಸ್ಸಾಯಿತು ಎಂಬ ಮಾತು ಇದೆಯಲ್ಲ!

ಕೊರಟಗೆರೆಯ ಬಜೆ

ಹಳದಿ ಐರಿಸ್‌ನ ಶಾಸ್ತ್ರೀಯ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ಅದು ಐರಿಸ್ ಸ್ಯೂಡಕೋರಸ್. ಅಂದರೆ 'ಸುಳ್ಳು ಅಕೋರಸ್'. ನಿಜವಾದ ಅಕೋರಸ್ ಬೇರೆ ಯಾವುದೂ ಅಲ್ಲ, ನಮ್ಮ ಮನೆಗಳ ಬಜೆ! ಕತ್ತಿಯಂಥ ಉದ್ದನೆಯ ಎಲೆ, ಕೆಸರಿನಲ್ಲಿ ಹರಿದಾಡುವ ಗುಪ್ತಕಾಂಡ ಎರಡರಲ್ಲೂ ಒಂದೇ ಬಗೆ. ಆದರೆ ಸಂಬಂಧ ದೂರದ್ದು. ಏಕದಳ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದು ಬೇರೆಯಾದದ್ದು ಬಜೆಯ ಕುಲ.

ಔಷಧಿ ಸಸ್ಯಗಳ ಬೇಸಾಯದ ಬರಹಗಳಲ್ಲಿ ಬಜೆಯ ಮಾತು ಬಂದಾಗಲೆಲ್ಲ ಕೊರಟಗೆರೆ ತಾಲ್ಲೂಕಿನ ಹೆಸರು ಬರುತ್ತದೆ. ಕಾಶ್ಮೀರ, ಹಿಮಾಚಲ, ಮಣಿಪುರ, ನಾಗಾಲ್ಯಾಂಡ್‌ಗಳ ಜೌಗು ನೆಲದಲ್ಲಿ ತಾನಾಗಿ ಬೆಳೆಯುವ ಈ ಗಿಡವನ್ನು ಕರ್ನಾಟಕದಲ್ಲಿ ಬೆಳೆಯಾಗಿ ಬೆಳೆಸಿದ ಊರು ಎಂದು ಕೊರಟಗೆರೆಯನ್ನು ಗುರುತಿಸುತ್ತಾರೆ. ಒಣ ವಲಯದ ನಡುವೆ ಕೆಸರಿನ ಗಿಡ! ಭತ್ತದ ಗದ್ದೆಯಂತೆ ನೆಲವನ್ನು ಕೆಸರು ಮಾಡಿ, ಕಣ್ಣಿರುವ ತುಂಡುಗಳನ್ನು ಅಡಿಗೊಂದರಂತೆ ನೆಡುವುದು, ಮೊದಲು ಸುಮಾರು 5 ಸೆಂಟಿಮೀಟರ್, ಆಮೇಲೆ 10 ಸೆಂಟಿಮೀಟರ್ ನೀರು ನಿಲ್ಲಿಸುವುದು, ಎಲೆ ಹಳದಿಯಾದಾಗ ಅಗೆದು ಒಣಗಿಸುವುದು ಇದರ ಬೇಸಾಯದ ಕ್ರಮ. ಕೆಸರು ಎಷ್ಟೇ ಉಸಿರು ಕಟ್ಟಿಸಲಿ, ಬಜೆ ಜಗ್ಗದು. ನೀರು ತಪ್ಪಿದರೆ ಮಾತ್ರ ಸೊರಗುತ್ತದೆ. ಅರಿಶಿನಕ್ಕೆ ಮೃತ್ಯುವಾದದ್ದು ಇದಕ್ಕೆ ಜೀವ. ಅರಿಶಿನ ಹಾಯಾಗಿ ಮಲಗುವ ಒಣಮಣ್ಣು ಇದಕ್ಕೆ ಆಗದು. ಕೆರೆ, ಹೊಳೆಗಳಲ್ಲಿ ನೀರು ನಿಂತರಷ್ಟೇ ನಿಲ್ಲಬಲ್ಲ ಬೆಳೆ ಇದು.

ಬಜೆಯ ಗುಪ್ತಕಾಂಡದ ಪ್ರಯಾಣವೂ ದೊಡ್ಡದು. 1574ರಲ್ಲಿ ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದ ಬಜೆಯನ್ನು ವಿಯೆನ್ನಾದಲ್ಲಿ ಬೆಳೆಸಿ, ತುಂಡುಗಳನ್ನು ಗೆಳೆಯರಿಗೆ ಹಂಚಿದ. ಅಲ್ಲಿನ ಬಜೆ ಬೀಜ ಕಟ್ಟದ ಜಾತಿ. ಆದರೂ ಗುಪ್ತಕಾಂಡವೊಂದರಿಂದಲೇ ಅದು ಯುರೋಪಿನ ಕೆರೆ ಕುಂಟೆಗಳಿಗೆಲ್ಲ ಹಬ್ಬಿತು.

ತಾಯಂದಿರಿಗೆ ಇಲ್ಲೊಂದು ಎಚ್ಚರಿಕೆಯ ಮಾತು. ಸಂಸ್ಕೃತದಲ್ಲಿ ಬಜೆಗೆ 'ವಚಾ' ಎಂಬ ಹೆಸರು. ಮಗುವಿಗೆ ಮಾತು ಬೇಗ ಬರಲೆಂದು ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಬಜೆಯ ಎಣ್ಣೆಯಲ್ಲಿರುವ ಅಸರೋನ್ ಎಂಬ ಅಂಶ ಇಲಿಗಳಲ್ಲಿ ಗಂತಿಗೆ ಕಾರಣವಾದದ್ದು ಕಂಡುಬಂದು, ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿದರು. ವೈದ್ಯರನ್ನು ಕೇಳದೆ ಹಸುಗೂಸಿಗೆ ಬಜೆ ತಿನ್ನಿಸುವುದು ತರವಲ್ಲ. ಐರಿಸ್ ಗೆಡ್ಡೆಯೂ ಹೊಟ್ಟೆಗೆ ಸಲ್ಲದು. ಬೇಲಿಯಲ್ಲಿ ಗೌರಿಹಬ್ಬದ ಹೊತ್ತಿಗೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಂತೂ ಕಡುವಿಷ. ಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟಕ್ಕೆ ಹೋದ ಮಕ್ಕಳು ಗಿಡ ನೋಡಲಿ, ಗೆಡ್ಡೆ ಅಗೆಯುವುದು ಬೇಡ.

ಗಟ್ಟಿತನವೇ ಪೀಡೆಯಾದಾಗ

ಮನೆಯಂಗಳದಲ್ಲಿ ಮೆಚ್ಚಿಕೊಂಡ ಈ ಗುಣ ಹೊಲದಲ್ಲಿ ರೈತನನ್ನು ಅಳಿಸುತ್ತದೆ. ಜೇಕು ಇದಕ್ಕೆ ಉದಾಹರಣೆ. ಮೇಲೆ ಹುಲ್ಲಿನಂಥ ನಾಲ್ಕು ಎಲೆ. ಕೆಳಗೆ ದಾರದಂಥ ಗುಪ್ತಕಾಂಡಕ್ಕೆ ಮಣಿಗಳಂತೆ ಪೋಣಿಸಿದ ಗೆಡ್ಡೆಗಳು. ಕೈಯಿಂದ ಕಿತ್ತರೆ ಎಲೆ ಮಾತ್ರ ಬರುತ್ತದೆ. ಕುಂಟೆ ಹೊಡೆದರೆ ಸರ ಹರಿದು ಒಂದೊಂದು ಮಣಿಯೂ ಒಂದೊಂದು ಗಿಡವಾಗುತ್ತದೆ. ಇದಕ್ಕೆ ಕಾರಣ ತುದಿಮೊಗ್ಗಿನ ಯಜಮಾನಿಕೆ. ತುದಿಯ ಮೊಗ್ಗು ಬೆಳೆಯುತ್ತಿರುವವರೆಗೆ ಹಿಂದಿನ ಮೊಗ್ಗುಗಳನ್ನು ತಡೆದಿಡುತ್ತದೆ. ತುಂಡಾದ ಕೂಡಲೇ ಆ ತಡೆ ಹೋಗಿ ಎಲ್ಲವೂ ಎಚ್ಚರಗೊಳ್ಳುತ್ತವೆ. 1977ರಲ್ಲಿ ಪ್ರಕಟವಾದ ಜಗತ್ತಿನ ಕಳೆಗಳ ಕುರಿತ ಪ್ರಸಿದ್ಧ ಗ್ರಂಥವೊಂದು ಮೊದಲ ಸ್ಥಾನ ಕೊಟ್ಟದ್ದು ಜೇಕಿಗೇ.

ಅದಕ್ಕೂ ಒಂದು ಸೋಲುವ ಜಾಗವಿದೆ. ಮಣ್ಣಿನೊಳಗೆ ಸಾಯದ ಜೇಕಿನ ಗೆಡ್ಡೆ ಮಣ್ಣಿನ ಮೇಲೆ ಸುಡುಬಿಸಿಲಿಗೆ ಬಿದ್ದರೆ ಒಂದೆರಡು ವಾರದಲ್ಲಿ ಒಣಗಿ ನಿರ್ಜೀವವಾಗುತ್ತದೆ. ಬೇಸಿಗೆಯಲ್ಲಿ ನೆಲವನ್ನು ಆಳವಾಗಿ ಉತ್ತು ಬಿಸಿಲಿಗೆ ಬಿಡಬೇಕೆಂದು ಹಿರಿಯ ರೈತರು ಹೇಳುವುದರ ಹಿಂದಿನ ಒಂದು ವಿಜ್ಞಾನ ಇದು. ಮಳೆ ಬಿದ್ದು ನೆಲ ಹಸಿಯಾದ ಮೇಲೆ ಉತ್ತರೆ ಜೇಕನ್ನು ತಾವೇ ಬಿತ್ತಿದಂತೆ.

ಅರವತ್ತು ಕೊಡ ನೀರು

ಇನ್ನು ಮನೆಯ ಮಾತು. ಒಂದು ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಎಂದಿಟ್ಟುಕೊಳ್ಳಿ. ಹತ್ತು ಕುಂಡಗಳಿಗೆ 10 ಲೀಟರ್. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಸುಮಾರು 90 ದಿನ. ಒಟ್ಟು 900 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 60 ಕೊಡ. ಬೀದಿ ನಲ್ಲಿಯಿಂದ, ಟ್ಯಾಂಕರಿನಿಂದ ಈ ಕೊಡಗಳನ್ನು ಹೊರುವವರು ಮನೆಯ ಹೆಂಗಸರು. ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳು, ಅದೂ ಪರೀಕ್ಷೆಯ ದಿನಗಳಲ್ಲಿ. ಮಲಗಿರುವ ಅರಿಶಿನಕ್ಕೆ, ಶುಂಠಿಗೆ ಈ ನೀರು ಬೇಕಾಗಿಯೇ ಇಲ್ಲ.

ಮಾಡಬೇಕಾದದ್ದು ಸುಲಭ. ಎಲೆ ತಾನಾಗಿ ಹಳದಿಯಾಗುವ ಮೊದಲು ಕತ್ತರಿಸಬೇಡಿ. ಎಲೆಯಲ್ಲಿದ್ದ ಆಹಾರ ಗೆಡ್ಡೆಗೆ ಇಳಿಯುವ ಕಾಲ ಅದು. ಎಲೆ ಪೂರ್ತಿ ಒಣಗಿದ ಮೇಲೆ ನೀರು ನಿಲ್ಲಿಸಿ, ಕುಂಡಗಳನ್ನು ನೆರಳಿಗೆ ಸರಿಸಿ, ಮೇಲೆ ಒಣ ತರಗು ಹರಡಿ. ಬೇಕೆನಿಸಿದರೆ ಗೆಡ್ಡೆಯನ್ನು ಅಗೆದು ಒಣ ಮರಳಿನಲ್ಲಿ ಗಾಳಿಯಾಡುವ ಕಡೆ ಇಡಬಹುದು. ಪ್ಲಾಸ್ಟಿಕ್ ಚೀಲ ಕಟ್ಟಿಟ್ಟರೆ ಬೆವರಿ ಕೊಳೆಯುತ್ತದೆ. ಕಾಬಾಳೆಗೆ ಪಾತ್ರೆ ತೊಳೆದ ನೀರು ಹರಿದರೆ ಸಾಕು. ಬಜೆ ಇದ್ದರೆ ಮಾತ್ರ ಅದರ ತೊಟ್ಟಿಯಲ್ಲಿ ನೀರು ಆರದಂತೆ ನೋಡಿಕೊಳ್ಳಬೇಕು.

ಗೆಡ್ಡೆ ಬದುಕಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿ, ತೂಕವಾಗಿದ್ದರೆ ಜೀವವಿದೆ. ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ. ಬೆಂಡಿನಂತೆ ಹಗುರವಾಗಿದ್ದರೆ ಒಣಗಿ ಸತ್ತಿದೆ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಗಾಯ ಒಣಗಲು ಎರಡು ದಿನ ನೆರಳಿನಲ್ಲಿಟ್ಟರೆ ಉಳಿದ ಗಟ್ಟಿ ತುಂಡು ಎಷ್ಟೋ ಸಲ ಬದುಕುತ್ತದೆ.

ರಜೆಗೊಂದು ಪ್ರಯೋಗ

ಇದನ್ನೆಲ್ಲ ಓದಿ ನಂಬುವುದಕ್ಕಿಂತ ಮಕ್ಕಳು ಮಾಡಿ ನೋಡುವುದು ಮೇಲು. ಭರಣಿ ಮಳೆಯ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಗೆ, ಒಂದೆರಡು ಕಣ್ಣಿರುವ, 20ರಿಂದ 25 ಗ್ರಾಂ ತೂಗುವ ಹಸಿ ಅರಿಶಿನದ ಮೂರು ತುಂಡು, ಸಿಕ್ಕರೆ ಹಸಿ ಬಜೆಯ ಒಂದು ತುಂಡು ಆರಿಸಿಕೊಳ್ಳಿ. ಮೊದಲನೆಯ ಅರಿಶಿನವನ್ನು ಒಣ ಮರಳಿನಲ್ಲಿಡಿ. ಎರಡನೆಯದನ್ನು ತಳದಲ್ಲಿ ತೂತಿರುವ ಕುಂಡದಲ್ಲಿ ನೆಟ್ಟು, ಮಣ್ಣು ಆರಿದಾಗ ಮಾತ್ರ ನೀರು ಕೊಡಿ. ಮೂರನೆಯದನ್ನೂ ಬಜೆಯನ್ನೂ ತೂತಿಲ್ಲದ ಡಬ್ಬಗಳಲ್ಲಿ ನೆಟ್ಟು, ಸದಾ ನೀರು ನಿಂತಿರುವಂತೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಏನು ಕಂಡಿತೆಂದು ತಾರೀಖು ಹಾಕಿ ಬರೆಯಿರಿ. ಎರಡನೆಯ ಕುಂಡದಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಮೊಳಕೆ ಕಾಣಬೇಕು. ಉಳಿದವು ಏನಾಗುತ್ತವೆ ಎಂಬುದನ್ನು ಮೊದಲೇ ಊಹಿಸಿ ಬರೆದಿಟ್ಟು, ಆಮೇಲೆ ತಾಳೆ ನೋಡಿ.

ಒಂದು ಚೂರು ಕಾಬಾಳೆಯ ಗೆಡ್ಡೆಯನ್ನು ಕುಯ್ದು, ಟಿಂಚರ್ ಅಯೋಡಿನ್‌ಗೆ ನೀರು ಬೆರೆಸಿ ಒಂದು ತೊಟ್ಟು ಬಿಟ್ಟರೆ ಕಪ್ಪು ನೀಲಿ ಬಣ್ಣ ಬರುತ್ತದೆ. ಅದೇ ಬೇಸಿಗೆಗೆಂದು ಕೂಡಿಟ್ಟ ಪಿಷ್ಟ. ಕಾಬಾಳೆಯ ಪಿಷ್ಟದ ಕಣಗಳು ಸಸ್ಯಲೋಕದ ಅತಿ ದೊಡ್ಡ ಕಣಗಳ ಸಾಲಿನವು. ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಶಾಲೆ ತೆರೆದ ಮೊದಲ ವಾರ ಆ ನೋಟ್‌ಬುಕ್ಕನ್ನೂ ಮೊಳೆತ ಕುಂಡವನ್ನೂ ವಿಜ್ಞಾನದ ಮೇಷ್ಟರ ಮೇಜಿನ ಮೇಲಿಟ್ಟರೆ, ಗುಪ್ತಕಾಂಡದ ಪಾಠವನ್ನು ಅವರು ಅಲ್ಲಿಂದಲೇ ಶುರುಮಾಡಬಹುದು.